ಹೋರಿಯ ಗುಂಡಿಗೆಯ ಮೊಳೆ

ಎತ್ತಿಗೆ ಹೊಟ್ಟೆ ಎಷ್ಟು ಎಂಬ ಮಾತಿನಿಂದ ಇದೆಲ್ಲ ಶುರುವಾಯಿತು. ಒಂದು ಎಂದ ಸಾಲಿ ಮಾಸ್ತರ. ನಾಲ್ಕು ಎಂದಳು ಮಾದಿಗರ ಮೊಗಲಪ್ಪನ ಮಗಳು. ಮಗಳು ಹೇಳಿದ್ದೇ ಖರೆ. ಆದರೆ ಖರೆ ಹೇಳಿದ್ದಕ್ಕೆ ಬಾಸುಂಡೆ ಎದ್ದದ್ದು ಅಪ್ಪನ ಬೆನ್ನಿನ ಮೇಲೆ.

ಊರು ಪರಸಾಪೂರ. ತಾಂಡೂರು ಸ್ಟೇಶನ್ನಿನಿಂದ ಮೂರು ಹರದಾರಿ. ರಾಜ್ಯ ಆಳುವವ ಹೈದರಾಬಾದಿನ ನಿಜಾಮ. ಊರು ಆಳುವವ ಕಂದಾಯ ವಸೂಲಿಯ ಮಾಲಿ ಪಟೇಲ ಶಂಕ್ರೆಪ್ಪ. ನೆಲ ಒಂದು ಮೊಳ ಕೆದರಿದರೆ ಅಲ್ಲಿ ಹಾಸುವ ಪರಸಿ ಕಲ್ಲು. ಆ ಕಲ್ಲು ಎಬ್ಬಿಸಿ, ತಲೆಯ ಮೇಲೆ ಹೊತ್ತು ತಂದು ಗುಡಿಗೆ, ಚಾವಡಿಗೆ, ಸಾಲಿಗೆ ಹಾಸಿದವರು ಕೆಳಗಿನ ಕೇರಿಯವರು. ಹಾಸುವತನಕ ಮೆಟ್ಟಬಹುದಿತ್ತು. ಹಾಸಿದ ಮೇಲೆ ಮೆಟ್ಟುವ ಹಾಗಿರಲಿಲ್ಲ.

ಮೊಗಲಪ್ಪನದು ಕಲ್ಲಿನ ಕೆಲಸವಲ್ಲ, ದನದ ಕೆಲಸ. ಊರಲ್ಲಿ ಯಾರ ದನ ಸತ್ತರೂ ಕರೆ ಅವನಿಗೆ. ಕಾಲಿಗೆ ಮಿಣಿ ಕಟ್ಟಿ ಎಳೆಯಬೇಕು. ಸುಲಿಯಬೇಕು. ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ತೊಗಟೆಯ ನೀರಲ್ಲಿ ಹದ ಮಾಡಬೇಕು. ಆಮೇಲೆ ಪಟೇಲನ ಮನೆಯವರಿಗೆ ಚಪ್ಪಲಿ, ಎತ್ತಿಗೆ ಮಿಣಿ, ಬಾವಿಗೆ ತೊಗಲ ಬಾನಿ, ಹೊಡೆಯುವುದಕ್ಕೆ ಬಾರುಕೋಲು. ಎಲ್ಲ ಬಿಟ್ಟಿ. ಸುಣ್ಣ ತಿಂದು ಅವನ ಬೆರಳಿನ ಉಗುರು ಅರ್ಧರ್ಧ ಉಳಿದಿದ್ದವು. ಅವನು ಹೊಲಿದ ಬಾನಿಯಲ್ಲಿ ಊರವರು ನೀರೆತ್ತುತ್ತಿದ್ದರು. ಅವನ ಹೆಂಡತಿ ಸಾಯಮ್ಮ ಕೊಡ ಹಿಡಿದುಕೊಂಡು ಅದೇ ಬಾವಿಯ ಕೆಳಗೆ ಅರ್ಧ ದಿನ ನಿಲ್ಲುತ್ತಿದ್ದಳು, ಯಾರಾದರೂ ಸುರಿದಾರು ಎಂದು.

ಅವರಿಗೆ ನಾಲ್ಕು ಮಕ್ಕಳಾಗಿ ಉಳಿದದ್ದು ಒಂದೇ, ಬಾಲಮಣಿ. ಹತ್ತು ವರ್ಷದವಳು. ಗಂಡುಮಕ್ಕಳಿಲ್ಲದ್ದಕ್ಕೆ ದನ ಕೊಯ್ಯುವಾಗ ಕಾಲು ಹಿಡಿದುಕೊಳ್ಳುವ ಕೆಲಸ ಅವಳದೇ. ಹಿಡಿದುಕೊಂಡವಳು ಸುಮ್ಮನೆ ಇರುತ್ತಿರಲಿಲ್ಲ. ಇದೇನಪ್ಪ, ಅದೇನಪ್ಪ ಎಂದು ಪ್ರಾಣ ತಿನ್ನುತ್ತಿದ್ದಳು. ಮೊಗಲಪ್ಪ ಕತ್ತಿಯ ತುದಿಯಿಂದ ತೋರಿಸಿ ತೋರಿಸಿ ಹೇಳುತ್ತಿದ್ದ.

ಸಾಲಿ ಮಾಸ್ತರನ ಹೆಸರು ಹಣಮಂತರಾಯ. ಹೈದರಾಬಾದಿನಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ ಬಂದ ಹೊಸ ಹುಡುಗ. ಕರಿ ಟೋಪಿ, ಇಸ್ತ್ರಿಯ ಶೇರವಾನಿ, ಜೇಬಿನಲ್ಲಿ ಸದಾ ಒಂದು ಸಣ್ಣ ವಹಿ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವ ಜರೂರೇ ಇರುತ್ತಿರಲಿಲ್ಲ. ಕೆಳಗಿನ ಕೇರಿಯ ಮಕ್ಕಳಿಗೂ ಅಕ್ಷರ ಕಲಿಸಬೇಕು ಎಂದು ಸರ್ಕಾರದ ಹುಕುಂ ಬಂದಾಗ ಅದನ್ನು ಮಡಚಿ ಪೆಟ್ಟಿಗೆಯಲ್ಲಿಡದೆ ಕೇರಿಯ ತುದಿಗೆ ಬಂದು ನಿಂತು ಕೂಗಿದವನು ಅವನೊಬ್ಬನೇ. ಹೋದವಳು ಬಾಲಮಣಿ ಒಬ್ಬಳೇ. ಅವಳನ್ನು ಒಳಗೆ ಕೂರಿಸಲಿಲ್ಲ. ಕಿಟಕಿಯ ಹೊರಗೆ ಒಂದು ಒಡಕು ಪರಸಿ ಇತ್ತು, ಅದರ ಮೇಲೆ ಕೂತಳು. ಮೂಲೆ ಮುರಿದ ಬರೆಯುವ ಪಾಟಿಯೊಂದನ್ನು ಮಾಸ್ತರ ನೆಲದ ಮೇಲೆ ಅವಳ ಕಡೆಗೆ ಜಾರಿಸಿದ. ಹಾಜರಿಯಲ್ಲಿ ಹೆಸರು ಬರೆಯಲಿಲ್ಲ.

ಅವಳು ಹೊರಗಿನಿಂದ ಉತ್ತರ ಹೇಳಿದರೆ ಒಳಗೆ ಕೇಳುತ್ತಿರಲಿಲ್ಲ. ಅದಕ್ಕೆ ಹಣಮಂತರಾಯ ದಿನಾ ಒಂದು ಮಾತು ಹೇಳುತ್ತಿದ್ದ: "ಜೋರಾಗಿ ಹೇಳು. ಕಡೀ ಸಾಲಿನವರಿಗೂ ಕೇಳಬೇಕು." ಹೀಗೆ ಆ ಕೂಸಿಗೆ ಜೋರಾಗಿ ಮಾತಾಡುವ ರೂಢಿ ಬಿತ್ತು. ಆ ಕೇರಿಯಲ್ಲಿ ಯಾರಿಗೂ ಇಲ್ಲದ ರೂಢಿ ಅದು.

ಅವನಿಗೆ ವಿಜ್ಞಾನದ ಹುಚ್ಚು. ಮುಶಾಹಿದಾ, ಮುಶಾಹಿದಾ ಎಂದು ಒಂದು ಉರ್ದು ಶಬ್ದ ಹಿಡಿದುಕೊಂಡಿದ್ದ. ಕಣ್ಣಿಂದ ನೋಡಿ ತಿಳಿಯುವುದು ಎಂದು ಅರ್ಥ. "ಕೇಳಿದ್ದು ಹೇಳಬ್ಯಾಡ್ರಿ, ಕಂಡದ್ದು ಹೇಳ್ರಿ," ಎನ್ನುತ್ತಿದ್ದ. ತಾನು ಮಾತ್ರ ದನದ ಪಾಠವನ್ನು ನೋಡದೆಯೇ ಹೇಳಿದ. ಅವನ ಪುಸ್ತಕದಲ್ಲಿ ಇದ್ದದ್ದು ಮನುಷ್ಯನ ಹೊಟ್ಟೆಯ ಚಿತ್ರ. ಅದನ್ನೇ ಎತ್ತಿಗೂ ಹೊಂದಿಸಿದ.

"ಎತ್ತು, ಆಕಳು, ಎಮ್ಮಿ, ಇವಕ್ಕ ಹೊಟ್ಟಿ ಒಂದು."

"ನಾಕು ಅದಾವ್ರಿ," ಎಂದು ಕಿಟಕಿಯಿಂದ ಕೂಗು ಬಂತು.

ಒಳಗಿನ ಮಕ್ಕಳು ನಕ್ಕರು. ಹಣಮಂತರಾಯ ಕಿಟಕಿಗೆ ಬಂದು ಹುಬ್ಬು ಗಂಟಿಕ್ಕಿದ. "ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ. ನೋಡೀನ್ರಿ."

"ಏನ್ ನೋಡೀದಿ?"

"ಮೊದಲಿಂದು ದೊಡ್ಡ ಚೀಲರಿ. ತಿಂದದ್ದೆಲ್ಲ ಅದರಾಗ ಬೀಳ್ತದ. ಎರಡನೇದು ಒಳಗ ಜೇನಹುಟ್ಟಿನಂಗ ಇರ್ತದ್ರಿ, ಮನಿ ಮನಿ. ಮೂರನೇದರಾಗ ಹಾಳಿ ಹಾಳಿ ಇರ್ತಾವ್ರಿ. ನಮ್ಮಪ್ಪ ಅದಕ್ಕ ಪೋಥಿ ಅಂತಾನ್ರಿ. ನಾಕನೇದು ನುಣ್ಣಗ, ಸಣ್ಣದು."

"ದನದ ಹೊಟ್ಟ್ಯಾಗ ಪುಸ್ತಕ ಅದ ಅಂತಾಳ್ರಿ ಮಾಸ್ತರ!" ಎಂದು ಪಟೇಲನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವತ್ತು ಸಂಜೆ ಹಣಮಂತರಾಯ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮೂಗಿಗೆ ದಸ್ತಿ ಒತ್ತಿಕೊಂಡು, ಹಳೇ ಕಲ್ಲುಗಣಿಯ ದಂಡೆಗೆ ಬಂದ. ಮೊಗಲಪ್ಪ ಅಲ್ಲಿ ಯಾರದೋ ಮುದಿ ಎತ್ತನ್ನು ಕೊಯ್ಯುತ್ತಿದ್ದ. ಮಾಸ್ತರನನ್ನು ಕಂಡದ್ದೇ ಕತ್ತಿ ಕೆಳಗಿಟ್ಟ. ಎದ್ದು ಹತ್ತು ಹೆಜ್ಜೆ ಹಿಂದೆ ಸರಿದು ನಿಂತ.

"ಮಗಳು ಏನರ ತಪ್ಪ ಮಾತಾಡ್ಯಾಳೇನ್ರಿ?"

"ಇಲ್ಲ ಮೊಗಲಪ್ಪ. ತಪ್ಪ ಮಾತಾಡಿದಾವ ನಾನು. ಇದೇನು ಅಂತ ನನಗೊಂದೀಟು ತೋರಸು."

ಮೊಗಲಪ್ಪನಿಗೆ ಆಗ ನಲವತ್ತು ವರ್ಷ. ಆ ನಲವತ್ತು ವರ್ಷದಲ್ಲಿ ಮೇಲಿನ ಓಣಿಯ ಒಬ್ಬ ಮನುಷ್ಯ ಅವನಿಗೆ 'ಇದೇನು' ಎಂದು ಕೇಳಿದ್ದು ಅದೇ ಮೊದಲು. ಎಳಿ, ಸುಲಿ, ಸರಿ, ನಡಿ: ಇಷ್ಟೇ ಅವನು ಕೇಳಿದ್ದು. ಅವನು ಮುಂದೆ ಬಂದು ಕೂತ. ಮತ್ತೆ ಕತ್ತಿ ಹಿಡಿದು ನಾಲ್ಕೂ ಚೀಲ ಬಿಡಿಸಿಟ್ಟ. ಎರಡನೆಯದನ್ನು ಸೀಳಿ, ಅದರ ಮನೆಗಳ ಸಂದಿಯಿಂದ ಒಂದು ತಂತಿಯ ಚೂರು, ಒಂದು ಮುರುಕು ಸೂಜಿ ತೆಗೆದು ಪರಸಿಯ ಮೇಲಿಟ್ಟ.

"ದನ ನಾಲಿಗಿಲೆ ಆರಿಸಂಗಿಲ್ರಿ. ಕಣಿಕಿ ಸಂಗಾಟ ಕಬ್ಬಿಣ ಬಂದರೂ ನುಂಗ್ತದ. ಕಬ್ಬಿಣ ಈ ಚೀಲದಾಗೇ ಕೂಡ್ತದ. ಇದರ ಮುಂದ ನೋಡ್ರಿ, ನಾಕ ಬಟ್ಟಿನ ಅಂತರದಾಗ ಗುಂಡಿಗಿ. ಚುಚ್ಚಕೋತ ಚುಚ್ಚಕೋತ ಗುಂಡಿಗಿಗೆ ಮುಟ್ಟಿತಂದ್ರ ಆ ದನ ಉಳಿಯಂಗಿಲ್ಲ."

"ಹೊರಗಿನಿಂದ ಗೊತ್ತಾಗ್ತದೇನು?"

"ಯಾಕಾಗಂಗಿಲ್ರಿ? ಮೆಲುಕು ಹಾಕೂದು ಬಿಡ್ತದ. ಮುಂಗಾಲ ಅಗಲ ಮಾಡಿ ನಿಂದರ್ತದ. ಇಳಕಲಿಗೆ ಇಳಿಯಾಕ ಒಲ್ಲದು. ಎದಿ ಕೆಳಗ ನೀರ ತುಂಬಿ ಊದ್ತದ. ಆಮ್ಯಾಲ ಹದಿನೈದು ದಿನ, ಭಾಳಂದ್ರ ತಿಂಗಳು."

ಹಣಮಂತರಾಯ ಎಲ್ಲ ಬರೆದುಕೊಂಡ. ಹೋಗುವಾಗ ದಂಡೆಯ ಆಚೆ ಕೂತು ವಾಂತಿ ಮಾಡಿದ. ಮೊಗಲಪ್ಪ ಅದನ್ನು ಕಂಡೂ ಕಾಣದವನಂತೆ ಬೇರೆ ಕಡೆ ತಿರುಗಿ ನಿಂತ. ಹೊಟ್ಟೆ ಕಾರುತ್ತಿದ್ದರೂ ವಹಿ ಬಿಡಲಿಲ್ಲವಲ್ಲ ಎಂದು ಅವನಿಗೆ ಹಿಗ್ಗೇ ಆಯಿತು.

ಮರುದಿನ ಸಾಲಿಯಲ್ಲಿ ಮಾಸ್ತರ ಬೋರ್ಡಿನ ಮೇಲೆ ನಾಲ್ಕು ಚೀಲ ಬರೆದು, "ನಿನ್ನಿ ನಾ ಹೇಳಿದ್ದು ತಪ್ಪು, ಬಾಲಮಣಿ ಹೇಳಿದ್ದು ಬರೋಬರಿ," ಎಂದ. ಕಿಟಕಿಗೆ ಬಂದು ಮೆಲ್ಲಗೆ ಇನ್ನೊಂದು ಮಾತೂ ಹೇಳಿದ: "ದೀಪಾವಳಿ ಆಗಲಿ. ಹಾಜರಿಯಾಗ ನಿನ್ನ ಹೆಸರು ಬರೀತೀನಿ."

ಬಾಲಮಣಿ ಓಡುತ್ತ ಬಂದು ಹೇಳಿದಾಗ ಸಾಯಮ್ಮ ನಂಬಲಿಲ್ಲ. ನಂಬದೆಯೂ ಮಗಳ ಲಂಗವನ್ನು ಸವಳು ಮಣ್ಣು ಹಾಕಿ ಎರಡು ಸಲ ಒಗೆದಳು. ಮೊಗಲಪ್ಪನ ಎದೆಯಲ್ಲಿ ಮಾತ್ರ ಆ ಮಾತು ಮನೆ ಮಾಡಿತು. ಸುಣ್ಣದ ಗುಂಡಿಯಲ್ಲಿ ಕೈಯಿಟ್ಟುಕೊಂಡೇ ದೀಪಾವಳಿಗೆ ಎಷ್ಟು ದಿನ ಉಳಿದವು ಎಂದು ದಿನಾ ಲೆಕ್ಕ ಹಾಕುತ್ತಿದ್ದ. ತನ್ನ ವಂಶದ ಒಂದು ಹೆಸರು ಎಲ್ಲಿಯಾದರೂ ಬರೆದದ್ದನ್ನು ನೋಡಬೇಕು ಎಂಬುದಷ್ಟೇ ಅವನ ಆಸೆ. ಓದಲು ಬಾರದಿದ್ದರೇನಾಯಿತು, ನೋಡಲು ಕಣ್ಣಿತ್ತಲ್ಲ.

ದಸರೆಗೆ ಮುಂಚೆ ಹಣಮಂತರಾಯ ಮಕ್ಕಳಿಗೆ ಒಂದು ಕೆಲಸ ಕೊಟ್ಟ. ಎಂಟು ದಿನ ಯಾವುದಾದರೊಂದು ಪ್ರಾಣಿಯನ್ನು ನೋಡಬೇಕು. ಕಂಡದ್ದು ಬಂದು ಹೇಳಬೇಕು. ಪಟೇಲನ ಮಗ ಬೆಕ್ಕು ಹಾಲು ಕುಡಿಯುತ್ತದೆ ಎಂದ. ಒಬ್ಬ ಕಾಗೆ ಕರ್ರಗಿದೆ ಎಂದ. ಬಾಲಮಣಿಯ ಪಾಳಿ ಬಂತು.

"ಜೋರಾಗಿ ಹೇಳು," ಎಂದ ಮಾಸ್ತರ.

ಹೇಳಿದಳು. ಎದುರಿನ ಚಾವಡಿಗೂ ಕೇಳುವ ಹಾಗೆ ಹೇಳಿದಳು. "ಪಟೇಲರ ದೇವಣಿ ಹೋರಿ ಮೆಲುಕು ಹಾಕಂಗಿಲ್ರಿ. ಮುಂಗಾಲ ಅಗಲ ಮಾಡಿ ನಿಂದರ್ತದ್ರಿ. ಹೊಂಡದ ಇಳಕಲಿಗೆ ಇಳಿಯಾಕ ಒಲ್ಲದು. ಎದಿ ಕೆಳಗ ಊದ್ಯದ. ಜೇನಹುಟ್ಟಿನ ಚೀಲದಾಗ ಕಬ್ಬಿಣ ಅದ್ರಿ. ಹದಿನೈದು ದಿನ ಉಳಿಯಂಗಿಲ್ರಿ."

"ಶಹಬಾಸ್!" ಎಂದ ಹಣಮಂತರಾಯ. ಇದೇ ಮುಶಾಹಿದಾ, ಎಲ್ಲರೂ ಚಪ್ಪಾಳೆ ತಟ್ಟಿರಿ ಎಂದ. ತಾರೀಖು ಹಾಕಿ ಅವಳು ಹೇಳಿದ್ದನ್ನು ಅಕ್ಷರ ಬಿಡದೆ ವಹಿಯಲ್ಲಿ ಬರೆದುಕೊಂಡ. ಹೋರಿಯ ಯಜಮಾನನಿಗೆ ಒಂದು ಮಾತು ತಿಳಿಸಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಪಾಠ ಮುಗಿದದ್ದೇ ಅವನಿಗೆ ಸಂತೋಷ. ತಿಳಿಸಿದವನು ಪಟೇಲನ ಮಗ. ಅವನು ಮನೆಗೆ ಹೋಗಿ, "ಮಾದಿಗರ ಪೋರಿ ನಮ್ಮ ಹೋರಿ ಹದಿನೈದು ದಿನಕ್ಕ ಸಾಯ್ತದ ಅಂದಳು," ಎಂದ. ಕಬ್ಬಿಣದ ಮಾತು ಅವನ ನೆನಪಲ್ಲಿ ಉಳಿದಿರಲಿಲ್ಲ.

ಹನ್ನೊಂದನೆಯ ದಿನ ಹೋರಿ ಸತ್ತಿತು. ನೀರಿಗೆ ಹೊಡೆದುಕೊಂಡು ಹೋಗುವಾಗ ಚಾವಡಿಗೂ ಸಾಲಿಗೂ ನಡುವಿನ ಬಯಲಲ್ಲಿ ಮುಂಗಾಲು ಮಡಚಿ ಕುಸಿದು ಬಿತ್ತು. ಹತ್ತೂರಿಗೆ ಹೆಸರಾದ ದೇವಣಿ ತಳಿಯ ಹೋರಿ. ಪಟೇಲ ಅದರ ತಲೆಯ ಹತ್ತಿರ ಕೂತು ಹೆಂಗಸರಂತೆ ಅತ್ತ. ಎದ್ದಾಗ ಕಣ್ಣು ಕೆಂಡವಾಗಿದ್ದವು.

ಹೋರಿ ಎಳೆಯಲು ಕರೆದಿದ್ದಾರೆ ಎಂದುಕೊಂಡು ಮೊಗಲಪ್ಪ ಮಿಣಿ, ಕತ್ತಿ ಹಿಡಿದು ತಮ್ಮ ಮಾಣಿಕನ ಸಂಗಡ ಬಂದ. ಬಂದವನ ಹೆಗಲು ಇಬ್ಬರು ಆಳುಗಳು ಬಡಿಗೆಯಿಂದ ಒತ್ತಿ ಕೂರಿಸಿದರು.

"ಸಾಯ್ತದಂತ ನಿನ್ನ ಮಗಳಿಗೆ ಮೊದಲೇ ಹ್ಯಾಂಗ ಗೊತ್ತಾತು?" ಎಂದ ಪಟೇಲ. "ಇಸ ಹಾಕಿದಾವಗ ಗೊತ್ತಿರ್ತದ. ತೊಗಲಿನ ಆಸೆಕ್ಕ ನನ್ನ ಹೋರಿಗೆ ಇಸ ಹಾಕೀರಿ, ಸೂಳೇಮಕ್ಳ್ಯಾ."

"ನನ್ನ ಮಗಳ ಆಣಿ ಇಲ್ರಿ. ಕಬ್ಬಿಣ ನುಂಗ್ಯದ್ರಿ. ಕೊಯ್ದು ತೋರಸ್ತೀನಿ. ಇಲ್ಲೇ, ಎಲ್ಲರ ಮುಂದ. ಕಬ್ಬಿಣ ಇಲ್ಲಂದ್ರ ನನ್ನ ಕೈ ಕಡೀರಿ."

ಊರು ನೆರೆದಿತ್ತು. ಪಟೇಲ ಹೂಂ ಎಂದ. ಸಾಲಿಯ ಮಕ್ಕಳು ಮೆಟ್ಟಿಲ ಮೇಲೆ ಬಂದು ನಿಂತರು. ಅವರ ಹಿಂದೆ ಹಣಮಂತರಾಯ. ಬಾಲಮಣಿ ತನ್ನ ಒಡಕು ಪರಸಿಯ ಮೇಲೆ.

ಮೊಗಲಪ್ಪ ಕೊಯ್ದ. ಬಿಸಿಲು ನೆತ್ತಿಯ ಮೇಲಿತ್ತು. ಹೊಟ್ಟೆ ಸೀಳಿದಾಗ ಊರು ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಸೆರಗು, ಪಂಚೆ ಮೂಗಿಗೆ ಒತ್ತಿಕೊಂಡಿತು. ಮೊಣಕೈವರೆಗೆ ಕೈಯಿಟ್ಟು ಎರಡನೆಯ ಚೀಲ ಹಿಡಿದು ಎಳೆದ, ಬರಲಿಲ್ಲ. ಅದು ಮುಂದಿನ ಪರದೆಗೆ ಅಂಟಿ ಗಟ್ಟಿಯಾಗಿತ್ತು. ಎದೆಗೂಡಿನ ಎಲುಬು ಮುರಿದ. ಗುಂಡಿಗೆಯ ಸುತ್ತಲಿನ ಚೀಲ ಕತ್ತಿಯ ತುದಿ ತಾಗಿದ್ದೇ ಒಡೆದು, ಕೊಳೆತ ನೀರು ಅವನ ಮುಖಕ್ಕೆ ಹಾರಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಹಾಗೆಯೇ ಒಳಗೆ ಬಗ್ಗಿ ನೋಡಿದ. ಬೆರಳುದ್ದದ ಮೊಳೆ, ತಲೆ ಹೊಟ್ಟೆಯ ಚೀಲದ ಕಡೆಗೆ, ತುದಿ ಗುಂಡಿಗೆಯ ಮಾಂಸದೊಳಗೆ. ಚೌಕ ತಲೆಯ ಮೊಳೆ. ಯುಗಾದಿಗೆ ಪಟೇಲ ಕಟ್ಟಿಸಿದ ಹೊಸ ಗೋದಲಿಯ ಹಲಗೆಗೆ ತಾಂಡೂರಿನಿಂದ ತಂದು ಬಡಿಸಿದ ಅದೇ ಮೊಳೆ.

ಮೊಗಲಪ್ಪನಿಗೆ ಜೀವ ಬಂತು. ಆದರೆ ಕೀಳಲಿಲ್ಲ. ಕಿತ್ತರೆ ನೀನೇ ತಂದು ಇಟ್ಟೆ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು.

"ಮೊಳಿ ಅದರಿ! ಕಿತ್ತಿಲ್ರಿ, ಗುಂಡಿಗ್ಯಾಗೇ ಅದ. ಬಂದು ನೋಡ್ರಿ!"

ಯಾರೂ ಬರಲಿಲ್ಲ. ಇಪ್ಪತ್ತು ಹೆಜ್ಜೆ. ಸತ್ತ ಹೋರಿಯ ಹತ್ತಿರ, ಮಾದಿಗನ ಕೈಯ ಹತ್ತಿರ, ಬಗ್ಗಿ ನೋಡಿದರೆ ಮೈಲಿಗೆ. ಸ್ನಾನ ಮಾಡಬೇಕು. ಒಬ್ಬ ಮನುಷ್ಯನ ಬೆನ್ನ ಚರ್ಮ ಉಳಿಸುವುದಕ್ಕೆ ಒಂದು ಸ್ನಾನದ ಖರ್ಚು ಆ ಊರಿಗೆ ಭಾರವಾಯಿತು. ಮೊಗಲಪ್ಪ ಒಬ್ಬೊಬ್ಬರ ಮುಖ ನೋಡಿದ. ಕಡೆಗೆ ಸಾಲಿಯ ಮೆಟ್ಟಿಲ ಕಡೆ ತಿರುಗಿದ.

"ಮಾಸ್ತರಿಗೆ ಗೊತ್ತದ್ರಿ. ಅವರ ಬರಲಿ. ಅವರ ನೋಡಿ ಹೇಳಲಿ."

"ಹೋಗ್ರಿ ಮಾಸ್ತರ," ಎಂದ ಪಟೇಲ. "ಕಲಿತಾವ್ರು ನೀವು. ಏನದ ನೋಡಿ ಬರ್ರಿ."

ಹಣಮಂತರಾಯ ಬಂದ. ದಸ್ತಿ ಮೂಗಿಗಿಟ್ಟು ಬಗ್ಗಿದ. ಮೊಗಲಪ್ಪ ಕತ್ತಿಯಿಂದ ಮಾಂಸ ಸರಿಸಿ ತೋರಿಸಿದ. ಮೊಳೆಯ ತಲೆ ಬಿಸಿಲಿಗೆ ಹೊಳೆಯಿತು. ಮಾಸ್ತರನ ಕಣ್ಣು ಅದರ ಮೇಲೆ ನಿಂತದ್ದನ್ನು ಮೊಗಲಪ್ಪ ನೋಡಿದ. ಅದು ಯಾವ ಮೊಳೆ ಎಂದು ಆ ಕಣ್ಣಿಗೆ ತಿಳಿದದ್ದನ್ನೂ ನೋಡಿದ. ಮಾಸ್ತರ ಇದ್ದದ್ದು ಪಟೇಲನ ವಾಡೆಯ ಹೊರಕೋಣೆಯಲ್ಲಿ. ಆ ಗೋದಲಿ ಅವನ ಬಾಗಿಲೆದುರಿಗೇ ಇತ್ತು. ರೊಟ್ಟಿ ಬರುತ್ತಿದ್ದದ್ದು ಪಟೇಲನ ಒಲೆಯಿಂದ. ಸಾಲಿಯ ಜಾಗ ಪಟೇಲನದು.

"ಏನ್ ಮಾಸ್ತರ? ಏನರ ಕಾಣ್ತದೇನು?"

ಹಣಮಂತರಾಯ ಎದ್ದು ನಿಂತ. ಶೇರವಾನಿಯ ಜೇಬಿನಿಂದ ವಹಿಯ ತುದಿ ಕಾಣುತ್ತಿತ್ತು. ಅದನ್ನು ತೆಗೆದು ಹನ್ನೊಂದು ದಿನದ ಹಿಂದಿನ ಪುಟ ಓದಿದ್ದರೆ ಸಾಕಿತ್ತು. ಅವನ ಕೈ ಜೇಬಿನ ಮೇಲೆ ಹೋಯಿತು. ವಹಿಯನ್ನು ಒಳಗೆ ಒತ್ತಿತು.

"ರಕ್ತ ಭಾಳ ಅದರಿ," ಎಂದ. "ಸಾಫ್ ಏನೂ ಕಾಣವಲ್ದು."

"ಮೊಳಿ ಅದರಿ ಮಾಸ್ತರ!" ಬಾಲಮಣಿ ಪರಸಿಯ ಮೇಲೆ ಎದ್ದು ನಿಂತು ಕೂಗಿದಳು. "ನಾ ಹೇಳಿದ್ದು ನಿಮ್ಮ ವಹಿಯಾಗ ಬರದೀರ್ರಿ! ಓದ್ರಿ! ಓದಿ ಹೇಳ್ರಿ!"

ಊರಿಗೆಲ್ಲ ಕೇಳುವಷ್ಟು ಜೋರಾಗಿ ಕೂಗಿದಳು, ಅವನೇ ಕಲಿಸಿದಂತೆ. ಹಣಮಂತರಾಯ ತಿರುಗಿ ನೋಡಲಿಲ್ಲ. ಮಕ್ಕಳನ್ನು ಒಳಗೆ ಅಟ್ಟಿ ಬಾಗಿಲು ಹಾಕಿಕೊಂಡ.

ಮೊಗಲಪ್ಪನನ್ನು ಚಾವಡಿಯ ಮುಂದಿನ ಬೇವಿನ ಮರಕ್ಕೆ ಕಟ್ಟಿದರು. ತಂದ ಬಾರುಕೋಲನ್ನು ನೋಡಿದ್ದೇ ಅವನು ಗುರುತು ಹಿಡಿದ. ಮೂರು ಎಳೆ ಹೆಣೆದು ತುದಿಗೆ ಗಂಟು ಹಾಕಿದ್ದು ಅವನೇ, ಹೋದ ವರ್ಷ, ಬಿಟ್ಟಿ. ಗಂಟು ಗಟ್ಟಿಯಾಗಿ ಹಾಕಿದ್ದ. ಒಂದೊಂದು ಏಟಿಗೂ ಆ ಗಂಟು ಎಲ್ಲಿ ಬೀಳುತ್ತದೆ ಎಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಸಾಯಮ್ಮ ಓಡಿ ಬಂದು ಪಟೇಲನ ಕಾಲಿಗೆ ಬಿದ್ದಳು, ಕಾಲಿನಿಂದ ಎರಡು ಮಾರು ದೂರದಲ್ಲಿ, ಯಾಕೆಂದರೆ ಕಾಲು ಮುಟ್ಟುವ ಹಾಗೂ ಇರಲಿಲ್ಲ. ಆಗಿದ್ದರ ಮ್ಯಾಲ ಮಣ್ಣ ಹಾಕ್ರಿ, ಮಾಫ್ ಮಾಡ್ರಿ ಎಂದು ಹಣೆ ಬಡಿದುಕೊಂಡಳು. ಮೊಗಲಪ್ಪ ಅಳಲಿಲ್ಲ. ಅವನು ಸಾಲಿಯ ಬಾಗಿಲನ್ನೇ ನೋಡುತ್ತಿದ್ದ. ಈಗ ತೆಗೆಯುತ್ತದೆ, ಈಗ ತೆಗೆಯುತ್ತದೆ ಎಂದು ಕಡೆಯ ಏಟಿನವರೆಗೂ ಕಾದ.

ಬಿಚ್ಚಿದ ಮೇಲೆ ಪಟೇಲ ಮಿಣಿಯನ್ನು ಅವನ ಮುಂದೆ ಎಸೆದ. "ಎಳಿ ಇನ್ನ. ತೊಗಲ ಹದ ಮಾಡಿ ವಾಡೆಕ್ಕ ತಂದ ಮುಟ್ಟಸು."

ಮೊಗಲಪ್ಪ ಹೋರಿಯ ಹತ್ತಿರ ಹೋದ. ಬಗ್ಗಿದರೆ ಬೆನ್ನು ಸೀಳುತ್ತಿತ್ತು, ಆದರೂ ಬಗ್ಗಿದ. ಗುಂಡಿಗೆಗೆ ಕೈ ಹಾಕಿ ಮೊಳೆ ಕಿತ್ತು ಸೊಂಟದ ದೋತರಕ್ಕೆ ಸಿಕ್ಕಿಸಿಕೊಂಡ. ಕತ್ತಿಯನ್ನು ಮಣ್ಣಲ್ಲಿ ಒರೆಸಿದ. ಮಿಣಿಯನ್ನು ಮುಟ್ಟಲಿಲ್ಲ.

"ಎಳಿಯಂಗಿಲ್ಲ," ಎಂದ.

"ಏನಂದಿ?"

"ನಮ್ಮಪ್ಪ ಎಳದ. ನಮ್ಮ ಮುತ್ಯಾ ಎಳದ. ನಾ ಎಳಿಯಂಗಿಲ್ಲ. ನಿಂದು ನೀ ಎಳಕೋ."

ಆ ಊರಲ್ಲಿ ಪಟೇಲನಿಗೆ 'ನೀ' ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆಳುಗಳು ಮತ್ತೆ ಬಡಿಗೆ ಎತ್ತಿದರು. ಬೆನ್ನಲ್ಲಿ ಹೊಡೆಯಲು ಜಾಗ ಉಳಿದಿರಲಿಲ್ಲ. ಪಟೇಲ ಮಾಣಿಕನ ಕಡೆ ತಿರುಗಿ, "ನೀ ಎಳಿಯಲೇ," ಎಂದ. ಮಾಣಿಕ ಅಣ್ಣನ ಬೆನ್ನು ನೋಡಿದ. ತನ್ನ ಕೈಯಲ್ಲಿದ್ದ ಮಿಣಿಯನ್ನೂ ಕೆಳಗೆ ಹಾಕಿ, ಅಣ್ಣನ ತೋಳು ಹೆಗಲ ಮೇಲೆ ಹಾಕಿಕೊಂಡು ಕೇರಿಯ ಹಾದಿ ಹಿಡಿದ. ಮುಂದೆ ಸಾಯಮ್ಮ, ಪಾಟಿ ಎದೆಗವಚಿಕೊಂಡ ಬಾಲಮಣಿ.

ಹೋರಿ ಅಲ್ಲಿಯೇ ಬಿದ್ದಿತ್ತು. ಒಂದು ದಿನ, ಎರಡು ದಿನ, ಮೂರು ದಿನ. ಹದ್ದು ಬಂದವು, ನಾಯಿ ಬಂದವು. ಚಾವಡಿಯಲ್ಲಿ ಕೂರುವವರಿಲ್ಲ, ಸಾಲಿಗೆ ರಜೆ. ವಾಡೆಯೊಳಗೆ ಊದಿನಕಡ್ಡಿ ಹಚ್ಚಿ ಹಚ್ಚಿ ಸಾಕಾಯಿತು. ಸುತ್ತಿನ ಹಳ್ಳಿಗಳ ಮಾದಿಗರನ್ನು ಕರೆಸಿದರೆ ಮಾಣಿಕ ಮೊದಲೇ ಹೋಗಿ ಬರಬೇಡಿ ಎಂದು ಹೇಳಿಬಂದಿದ್ದ; ಒಬ್ಬನೂ ಬರಲಿಲ್ಲ. ನಾಲ್ಕನೆಯ ದಿನ ಪಟೇಲನ ಆಳುಗಳೇ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕಕ್ಕುತ್ತ, ಅದನ್ನು ಹಳೇ ಗಣಿಗೆ ಎಳೆದು ಹಾಕಿದರು. ಕೇರಿಯವರು ಗುಡಿಸಲ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ನಗಲಿಲ್ಲ. ನಗುವಂಥದ್ದೇನೂ ಉಳಿದಿರಲಿಲ್ಲ. ಕೇರಿಗೆ ಬಾವಿ ಬಂದ್ ಆಗಿತ್ತು, ಕೂಲಿ ಬಂದ್ ಆಗಿತ್ತು. ಸಾಯಮ್ಮ ಒಂದು ಹರದಾರಿ ದೂರದ ಹಳ್ಳದಿಂದ ನೀರು ಹೊತ್ತು ತರುತ್ತಿದ್ದಳು. ಇದ್ದ ಜೋಳ ಮುಗಿಯುತ್ತ ಬಂದಿತ್ತು. ತಾಂಡೂರಿನ ಕಲ್ಲುಗಣಿಗೆ ಹೋಗಿ ಕೆಲಸ ಕೇಳಿ ಬರುತ್ತೇನೆ ಎಂದು ಮಾಣಿಕ ಹೊರಟ.

ದೀಪಾವಳಿ ಬಂದು ಹೋಯಿತು. ಅದಾಗಿ ವಾರಕ್ಕೆ, ಒಂದು ಮಧ್ಯಾಹ್ನ, ಹಣಮಂತರಾಯ ಕೇರಿಗೆ ಬಂದ. ಇಳಿದುಹೋಗಿದ್ದ. ಶೇರವಾನಿಗೆ ಇಸ್ತ್ರಿ ಇರಲಿಲ್ಲ. ಮೊಗಲಪ್ಪ ಸುಣ್ಣದ ಗುಂಡಿಯ ದಂಡೆಯ ಮೇಲೆ ಕೂತಿದ್ದ, ಮನೆಯಲ್ಲಿದ್ದ ಹಳೆಯ ತೊಗಲೊಂದನ್ನು ಮಾರಲು ಹೆರೆಯುತ್ತ. ಏಳಲಿಲ್ಲ. ಬಾಲಮಣಿ ಗಡಿಗೆಯಲ್ಲಿ ಸುಣ್ಣ ಕಲಸುತ್ತಿದ್ದಳು. ಎರಡೂ ಕೈ ಮೊಣಕೈತನಕ ಬೆಳ್ಳಗಾಗಿದ್ದವು.

"ಮೊಗಲಪ್ಪ, ಬೆನ್ನು ಹ್ಯಾಂಗದ?"

ಮೊಗಲಪ್ಪ ತೊಗಲನ್ನು ತಿರುವಿ ಹಾಕಿ ಮತ್ತೆ ಹೆರೆದ.

ಮಾಸ್ತರ ಕಂಕುಳಲ್ಲಿದ್ದ ಹಾಜರಿ ಪುಸ್ತಕ ತೆಗೆದು ಪರಸಿಯ ಮೇಲೆ ಬಿಚ್ಚಿಟ್ಟ. "ನೋಡವ್ವ ಬಾಲಮಣಿ. ಬರದೀನಿ. ನಿನ್ನ ಹೆಸರು, ನಿಮ್ಮಪ್ಪನ ಹೆಸರು. ನಾಳಿಂದ ಒಳಗ ಬಂದು ಕೂಡು. ಬಾಗಲ ಹತ್ರ, ಆದ್ರ ಒಳಗ."

ಬಾಲಮಣಿ ಕೈ ಒರೆಸಿಕೊಳ್ಳದೆ ಬಂದು ಬಗ್ಗಿ ನೋಡಿದಳು. ಮೊಗಲಪ್ಪನೂ ಎದ್ದು ಬಂದು ಬಗ್ಗಿದ. ಇದಕ್ಕಾಗಿ ಎಷ್ಟು ದಿನ ಎಣಿಸಿದ್ದ ಅವನು! ಅವನಿಗೆ ಓದು ಬಾರದು. ಆದರೆ ಬಣ್ಣ ತಿಳಿಯುತ್ತಿತ್ತು. ಮೇಲಿನ ಹೆಸರುಗಳೆಲ್ಲ ಕರ್ರಗೆ, ಶಾಯಿಯಲ್ಲಿದ್ದವು. ಎಲ್ಲಕ್ಕೂ ಕೆಳಗಿನ ಒಂದು ಹೆಸರು ಮಾತ್ರ ಬೂದು ಬಣ್ಣದ್ದು.

"ಇದ್ಯಾಕ್ರಿ ಹೀಂಗದ?"

ಹಣಮಂತರಾಯ ನೆಲ ನೋಡಿದ. "ಸದ್ಯೇಕ ಪೆನ್ಸಿಲಿಲೆ ಬರದೀನಿ ಮೊಗಲಪ್ಪ. ಪಟೇಲರ ಸಿಟ್ಟು ಇಳೀಲಿ. ಆಮ್ಯಾಲ ಶಾಯಿಲೆ ತಿದ್ದತೀನಿ. ಈಗ ಯಾರ ಮುಂದೂ ಹೇಳಬ್ಯಾಡ್ರಿ."

ಬಾಲಮಣಿ ಗುಡಿಸಲೊಳಗೆ ಹೋದಳು. ಮಾಡಿನ ಗರಿಯೊಳಗೆ ಸಿಕ್ಕಿಸಿದ್ದ ಮೊಳೆ ತಂದು ಹಾಜರಿಯ ಹಾಳೆಯ ಮೇಲೆ, ತನ್ನ ಹೆಸರಿನ ಮೇಲೆ ಇಟ್ಟಳು. ಅದಕ್ಕೆ ಕರ್ರಗೆ ಒಣಗಿದ ರಕ್ತ ಇನ್ನೂ ಅಂಟಿತ್ತು.

"ಇದೇನ್ರಿ ಮಾಸ್ತರ?"

ಹಣಮಂತರಾಯನ ಕಣ್ಣಲ್ಲಿ ನೀರು ಬಂತು. "ಮೊಳಿ," ಎಂದ. ಎದುರಿಗಿದ್ದವಳಿಗೆ ಕೇಳಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಎಂದ.

"ಜೋರಾಗಿ ಹೇಳ್ರಿ," ಎಂದಳು ಬಾಲಮಣಿ. "ಕಡೀ ಸಾಲಿನವರಿಗೂ ಕೇಳಬೇಕು."

ಕೇರಿಯ ಆಚೆ ಹಾದಿಯಲ್ಲಿ ಪಟೇಲನ ಆಳೊಬ್ಬ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ಮಾಸ್ತರ ಆ ಕಡೆ ನೋಡಿದ. ಬಾಯಿ ತೆರೆದ. ಇಷ್ಟಾದ ಮೇಲೂ ಮೊಗಲಪ್ಪನ ಎದೆಯಲ್ಲಿ ಇನ್ನೊಂದು ಸಲ ಆಸೆ ಹುಟ್ಟಿತು, ಹೇಳುತ್ತಾನೆ ಎಂದು. ಹಾಗೆ ಆಸೆಪಟ್ಟದ್ದಕ್ಕೆ ಆಮೇಲೆ ತನ್ನ ಮೇಲೆಯೇ ಅವನಿಗೆ ಹೇಸಿಕೆಯಾಯಿತು. ಆಳು ಎತ್ತು ಹೊಡೆದುಕೊಂಡು ಮುಂದೆ ಹೋದ. ಹಣಮಂತರಾಯ ಬಾಯಿ ಮುಚ್ಚಿದ. ಮೊಳೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ, ಹಾಜರಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬಂದ ಹಾದಿಯಲ್ಲಿಯೇ ಹೋದ.

ಬಾಲಮಣಿ ಅವನು ಮರೆಯಾಗುವತನಕ ನೋಡಿದಳು. ಆಮೇಲೆ ಒಳಗಿನಿಂದ ಪಾಟಿ ತಂದಳು. ಅದರ ಮೇಲೆ ಬೋರ್ಡು ನೋಡಿ ಅವಳು ಬರೆದ ನಾಲ್ಕು ಚೀಲದ ಚಿತ್ರ ಇನ್ನೂ ಇತ್ತು, ತಿಂಗಳ ಮೇಲಾದರೂ ಅದನ್ನು ಅಳಿಸಿರಲಿಲ್ಲ. ಸುಣ್ಣದ ಕೈಯಿಂದ ಅಳಿಸಿದಳು. ಸುಣ್ಣದ ಗಡಿಗೆಯ ಮುಚ್ಚಳ ಒಡೆದು ಬಹಳ ದಿನವಾಗಿತ್ತು. ಪಾಟಿಯನ್ನು ಅದರ ಬಾಯಿಗೆ ಮುಚ್ಚಿದಳು. ಮುರಿದ ಮೂಲೆಯ ಹತ್ತಿರ ಒಂದಿಷ್ಟು ಸಂದು ಬಿಟ್ಟರೆ ಸರಿಯಾಗಿ ಕೂತಿತು. ಮತ್ತೆ ಬಂದು ಅಪ್ಪನ ಎದುರು ತೊಗಲಿನ ಇನ್ನೊಂದು ತುದಿ ಹಿಡಿದು ಕೂತಳು.

ಬೇವಿನ ಮರಕ್ಕೆ ಕಟ್ಟಿದಾಗ ಅಳದಿದ್ದ ಮೊಗಲಪ್ಪ ಆಗ ಅತ್ತ. ಹೆರೆಯುವ ಕತ್ತಿ ಕೈಯಲ್ಲಿ ಹಾಗೆಯೇ ಇತ್ತು. ಭುಜ ಕುಲುಕುತ್ತಿತ್ತು.

"ಯಾಕಪ್ಪಾ, ಬೆನ್ನು ನೋಯ್ತದೇನು?"

"ಹೂಂನವ್ವಾ. ಬೆನ್ನೇ."

ಬಾಲಮಣಿ ಎದ್ದು ಹಿಂದೆ ಹೋಗಿ ಅಪ್ಪನ ಬೆನ್ನು ನೋಡಿದಳು. ಗಾಯ ಮಾಯ್ದು, ಹಕ್ಕಳೆ ಉದುರಿ ಎಂಟು ದಿನವಾಗಿತ್ತು. ಮತ್ತೆ ಬಂದು ತೊಗಲಿನ ತುದಿ ಹಿಡಿದಳು. ಅವಳು ಕಂಡದ್ದನ್ನು ಹೇಳದೆ ಬಿಟ್ಟದ್ದು ಅದೇ ಮೊದಲು.